ಅರ್ಧ ಪಾಲು

ಲಕ್ಷ್ಮಿಯ ಬಿಪಿಎಲ್ ರೇಷನ್ ಕಾರ್ಡು ರದ್ದಾದ ಸುದ್ದಿ ಮನೆಯವರಿಗೆ ಗೊತ್ತಾದದ್ದು ಕಂಕನಾಡಿಯ ಒಂದು ಆಸ್ಪತ್ರೆಯ ಕೌಂಟರಿನಲ್ಲಿ. ಅವಳ ಹೃದಯದ ವಾಲ್ವ್ ಬದಲಿಸಲು ಜುಲೈ ಎಂಟನೇ ತಾರೀಕು ಗೊತ್ತಾಗಿತ್ತು. ಕಾರ್ಡಿನ ನಂಬರು ಕೊಟ್ಟು ಸರಕಾರದ ಯೋಜನೆಯಲ್ಲಿ ಒಪ್ಪಿಗೆ ಪಡೆಯುವ ಕೆಲಸ ಒಂದು ಬಾಕಿ ಇತ್ತು. ಅಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಮಗಳು ಯಶ್ಮಿತಾ ಸಾಲಿನಲ್ಲಿ ನಿಂತಿದ್ದಳು.

"ಇದು ಬಿಪಿಎಲ್ ಅಲ್ಲ ಅಕ್ಕ, ಎಪಿಎಲ್ ತೋರಿಸ್ತಾ ಉಂಟು," ಎಂದಳು ಕೌಂಟರಿನ ಹುಡುಗಿ.

"ಎಂತ ಎಪಿಎಲ್? ಹೋದ ತಿಂಗಳು ಇದೇ ಕಾರ್ಡಿನಲ್ಲಿ ಅಕ್ಕಿ ತಂದದ್ದು."

"ಈ ತಿಂಗಳು ಬದಲಾಗಿದೆ. ಆದಾಯ ಮಿತಿ ಮೀರಿದೆ ಅಂತ ಬರೆದಿದ್ದಾರೆ. ಮನೆಯಲ್ಲಿ ಯಾರೋ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕಿದ್ದಾರಂತೆ."

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಜಗಳಕ್ಕೆ ನಿಲ್ಲುತ್ತಿದ್ದರು. ಯಶ್ಮಿತಾ ನಿಲ್ಲಲಿಲ್ಲ. ಆಸ್ಪತ್ರೆಯಿಂದ ನಾಲ್ಕು ಅಂಗಡಿ ಆಚೆ ವೆರೋನಿಕಾ ಮೇಡಂ ಅವರ ಟ್ಯಾಕ್ಸ್ ಆಫೀಸು. ಆರು ವರ್ಷದಿಂದ ಅಲ್ಲಿ ಕೂತು ಅವಳು ಊರವರ ರಿಟರ್ನ್ ತುಂಬುತ್ತಿದ್ದಳು. ನರ್ಸುಗಳದ್ದು, ಟೀಚರುಗಳದ್ದು, ಗಲ್ಫಿನಿಂದ ವಾಪಸಾಗಿ ಅಂಗಡಿ ಇಟ್ಟವರದ್ದು. ಯಾರ ಸಂಬಳದಲ್ಲಿ ಎಷ್ಟು ಕಡಿತವಾಗಿದೆ, ಯಾರಿಗೆ ಎಷ್ಟು ವಾಪಸ್ ಬರಬೇಕು ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುವಳು. ಅಪ್ಪನ ರಿಟರ್ನ್ ಹಾಕಿದವಳೂ ಅವಳೇ. ಹಾಕಿದ ದಿನ ಫೀಸ್ ಬೇಡ ಎಂದ ಮೇಡಂಗೆ ಹಲ್ವ ತಂದು ಕೊಟ್ಟಿದ್ದಳು.

ಅವಳ ಅಪ್ಪ ತುಕ್ರ ಫೆರ್ರಿಯಲ್ಲಿ ಹೊಳೆ ದಾಟಿ ಹೋಗಬೇಕಾದ ಬೆಂಗ್ರೆಯವನು. ಇಪ್ಪತ್ತೆರಡು ವರ್ಷ ತಂಡೇಲನಾಗಿದ್ದ. ಅಂದರೆ ಬೋಟು ನಡೆಸುವವನು, ಸಮುದ್ರದಲ್ಲಿ ಅವನದೇ ಮಾತು. ಬೋಟು ಅನ್ಸಾರ್ ಸಾಹುಕಾರರದು. ಎರಡು ವರ್ಷದ ಹಿಂದೆ ಬಲೆ ಎಳೆಯುವ ಹಗ್ಗ ತುಂಡಾಗಿ ಬಡಿದು ಸೊಂಟ ಮುರಿಯಿತು. ಅಲ್ಲಿಗೆ ಅವನ ಸಮುದ್ರ ಮುಗಿಯಿತು. ತಂಗಿಯ ಮಗ ಯತಿನ್ ತಂಡೇಲನಾದ. ತುಕ್ರ ದಡದಲ್ಲಿ ಕೂತು ಬಲೆ ಸರಿಮಾಡತೊಡಗಿದ. ಹಳೇ ತಂಡೇಲನನ್ನು ಬರಿಗೈಯಲ್ಲಿ ಕೂರಿಸುವ ಕ್ರಮ ಅಲ್ಲಿಲ್ಲ. ಸಮುದ್ರಕ್ಕೆ ಹೋಗುವ ಒಂಬತ್ತು ಜನರಿಗೆ ಒಂಬತ್ತು ಪಾಲು, ಬಲೆಗೆ ಕೂತ ತುಕ್ರನಿಗೆ ಅರ್ಧ ಪಾಲು.

ಇನ್ನೊಂದು ಕ್ರಮವೂ ಇತ್ತು. ಸಾಹುಕಾರ ಒಬ್ಬೊಬ್ಬರಿಗೆ ಬೇರೆ ಬೇರೆ ಕೊಡುವುದಿಲ್ಲ. ಎಲ್ಲರ ಪಾಲೂ ತಂಡೇಲನ ಕೈಗೆ, ಅವನ ಕೈಯಿಂದ ಉಳಿದವರಿಗೆ. ನೋಟಿನ ಕಾಲದಲ್ಲಿ ಇದರಿಂದ ಯಾರಿಗೂ ಏನೂ ಆಗಲಿಲ್ಲ. ಅನ್ಸಾರ್ ಸಾಹುಕಾರರು ಸಾಲ ಮಾಡಿ ಹೊಸ ಬೋಟು ಮಾಡಿಸಿದ ಮೇಲೆ ಅವರ ಆಡಿಟರು, ಇನ್ನು ಎಲ್ಲ ಬ್ಯಾಂಕಿನಲ್ಲೇ ಆಗಬೇಕು, ನೂರಕ್ಕೆ ಒಂದು ರೂಪಾಯಿ ಟಿಡಿಎಸ್ ಎಂದು ತೆರಿಗೆಗೆ ಮೊದಲೇ ಕಡಿಯಬೇಕು ಎಂದರು. ಯಾರ ಖಾತೆಗೆ ಹಾಕುವುದು ಎಂಬ ಮಾತು ಬಂತು. ಯತಿನನೇ ಹೇಳಿದ್ದು: "ನಿಮ್ಮ ಹೆಸರೇ ಇರಲಿ ಮಾವ. ನಿಮ್ಮ ಕೈಯಿಂದ ತಗೊಂಡ್ರೇ ನಮಗೆ ಸಮಾಧಾನ." ಮೂಲೆಗೆ ಬಿದ್ದ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಏನು ಬೇಕು! ತುಕ್ರ ಒಂದು ವಾರ ಎದೆ ಎತ್ತಿಕೊಂಡು ತಿರುಗಿದ.

ಹಾಗೆ ಒಂದು ವರ್ಷದಲ್ಲಿ ಅವನ ಖಾತೆಗೆ ಬಂದದ್ದು ಇಪ್ಪತ್ತೊಂದು ಲಕ್ಷದ ಎಂಬತ್ತೈದು ಸಾವಿರದ ಲೆಕ್ಕ. ಅದರಲ್ಲಿ ಒಂದು ಪರ್ಸೆಂಟ್ ಮೊದಲೇ ಕಡಿತ. ಹಂಚುವಾಗ ಆ ಒಂದು ಪರ್ಸೆಂಟು ಕಡಿಮೆ ಬೀಳುತ್ತಿತ್ತು. ಬೋಟಿನ ಜಯ ಬಾಯಿಬಡುಕ. ಬಲೆಯ ಶೆಡ್ಡಿನಲ್ಲಿ ಎಲ್ಲರ ಎದುರು ನಗುತ್ತ, "ತಂಡೇಲರ ಕಿಸೆಯಲ್ಲಿ ಎಲ್ಲೋ ತೂತು ಉಂಟು ಮಾರಾಯ, ಪ್ರತಿ ಸಲ ಸ್ವಲ್ಪ ಸೋರ್ತದೆ," ಎಂದ. ತುಕ್ರ ಆ ರಾತ್ರಿ ಊಟ ಮಾಡಲಿಲ್ಲ.

ಅದನ್ನು ತೀರಿಸಲಿಕ್ಕೆ ಯಶ್ಮಿತಾ ರಿಟರ್ನ್ ಹಾಕಿದ್ದು. ಬ್ಯಾಂಕಿನಲ್ಲಿ ಬಂದ ವಹಿವಾಟಿನ ಮೇಲೆ ನೂರಕ್ಕೆ ಆರು ರೂಪಾಯಿ ಲಾಭವೆಂದು ತೋರಿಸಿದರೆ ಕಾನೂನಿಗೆ ಸಾಕು. ತೋರಿಸಿದಳು. ತೆರಿಗೆ ಸೊನ್ನೆ. ಕಡಿದದ್ದು ಅಷ್ಟೂ ವಾಪಸ್ ಬಂತು, ಇಪ್ಪತ್ತೊಂದು ಸಾವಿರದ ಎಂಟುನೂರ ಐವತ್ತು. ಒಂಬತ್ತು ಜನರಿಗೆ ಎರಡು ಸಾವಿರದ ಮುನ್ನೂರು, ಅಪ್ಪನಿಗೆ ಅದರ ಅರ್ಧ. ನೀಲಿ ರಟ್ಟಿನ ನೋಟ್‌ಬುಕ್ಕಿನಲ್ಲಿ ಒಬ್ಬೊಬ್ಬರ ಹೆಸರು, ವರ್ಷದ ಪಾಲು, ವಾಪಸ್ ಬಂದ ದುಡ್ಡು ಬರೆದು ಎಲ್ಲರ ಸಹಿ ಹಾಕಿಸಿದಳು. ಜಯ ಉದ್ದ ಬಾಲ ಎಳೆದು ಸಹಿ ಹಾಕಿ, "ಕಲಿತ ಮಗಳು ಇದ್ರೆ ಇದು ಲಾಭ," ಎಂದಿದ್ದ. ಅಪ್ಪನ ಮುಖ ಅವತ್ತು ಎಷ್ಟು ಹಗುರಾಗಿತ್ತೆಂದರೆ, ತಾನು ಓದಿದ್ದಕ್ಕೆ ಇದೊಂದು ಸಾಕು ಎಂದು ಅವಳಿಗೆ ಅನಿಸಿತ್ತು.

ನೂರಕ್ಕೆ ಆರರ ಲೆಕ್ಕದಲ್ಲಿ ಅಪ್ಪನ ಆದಾಯ ಒಂದು ಲಕ್ಷದ ಮೂವತ್ತೊಂದು ಸಾವಿರದ ನೂರು ಎಂದು ತೋರಿಸಿದ್ದಳು. ಬಿಪಿಎಲ್ ಕಾರ್ಡಿಗೆ ಒಂದು ಲಕ್ಷದ ಇಪ್ಪತ್ತು ಸಾವಿರದ ಗೆರೆ. ಅಷ್ಟರಲ್ಲಿ ಸಂಸಾರ ನಡೆಸುವವರು ಬೆಂಗ್ರೆಯಲ್ಲಿ ಹೆಚ್ಚಿಲ್ಲ, ಅದಕ್ಕಿಂತ ಹೆಚ್ಚು ದುಡಿಯುತ್ತೇನೆ ಎಂದು ಬಾಯಿಬಿಟ್ಟು ಹೇಳಿದವರಂತೂ ಯಾರೂ ಇಲ್ಲ. ತಮಾಷೆ ಎಂದರೆ, ಇಡೀ ತಂಡದಲ್ಲಿ ನಿಜವಾಗಿ ಆ ಗೆರೆಯ ಒಳಗಿದ್ದವನು ತುಕ್ರ ಒಬ್ಬನೇ. ಅವನ ಅರ್ಧ ಪಾಲು ವರ್ಷಕ್ಕೆ ಒಂದು ಲಕ್ಷದ ಹದಿನೈದು ಸಾವಿರ. ಉಳಿದವರದು ಅದರ ಎರಡರಷ್ಟು. ಕಾರ್ಡು ಹೋದದ್ದು ತುಕ್ರನದು.

ರೇಷನ್ ಕಾರ್ಡಿನ ಯೋಚನೆ ಅವಳ ತಲೆಗೆ ಬಂದೇ ಇರಲಿಲ್ಲ. ಬರಬೇಕಿತ್ತು. ಬೇರೆಯವರ ರಿಟರ್ನಿನಲ್ಲಾದರೆ ಬರುತ್ತಿತ್ತು.

"ಎಂತದಂತೆ?" ಕುರ್ಚಿಯಿಂದ ಅಮ್ಮ ಕೇಳಿದಳು. ಎರಡು ಶಬ್ದಕ್ಕೆ ಒಂದು ಸಲ ಉಸಿರು ಎಳೆಯಬೇಕಾಗಿತ್ತು ಅವಳಿಗೆ.

"ಏನಿಲ್ಲ. ಒಂದು ಪೇಪರ್ ತರಬೇಕಂತೆ," ಎಂದಳು ಯಶ್ಮಿತಾ.

* * *

ವೆರೋನಿಕಾ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. ಕೆಟ್ಟ ಸುದ್ದಿ ಹೇಳುವಾಗ ಅವರು ಯಾವತ್ತೂ ಹಾಗೆ ಮಾಡುವುದು.

"ರಿಟರ್ನ್ ತಿದ್ದುವ ಟೈಮ್ ಮುಗಿದಿದೆ ಯಶ್ಮಿತಾ. ಈಗ ಇರುವುದು ಒಂದೇ ದಾರಿ. ಆ ದುಡ್ಡು ತಂದೆಯವರದ್ದಲ್ಲ, ಅವರು ಬರೀ ಹಂಚಿದ್ದು ಅಂತ ಪ್ರೂಫ್ ಕೊಡಬೇಕು. ಬೋಟಿನ ಓನರ್ ಲೆಟರ್, ಪಾಲು ತಗೊಂಡವರ ಹೆಸರು, ಸಹಿ. ಅದನ್ನು ಕೊಟ್ಟು ಕಾರ್ಡಿಗೆ ಅಪೀಲ್ ಹಾಕು."

"ಕಾರ್ಡ್ ಎಪಿಎಲ್ ಆದ್ರೂ ಸ್ವಲ್ಪ ಸಿಗ್ತದಲ್ಲ ಮೇಡಂ?"

"ಮೂರರಲ್ಲಿ ಒಂದು ಪಾಲಿನಷ್ಟು. ಉಳಿದದ್ದು ಕೈಯಿಂದ."

ಕೈಯಿಂದ ಎಂದರೆ ಸುಮಾರು ಎರಡು ಲಕ್ಷ. ಯಶ್ಮಿತಾಳ ಕೈಯಲ್ಲಿ ಆಗ ಒಂದು ಜೊತೆ ಬಳೆ ಇತ್ತು. ಉಳಿದ ಬಂಗಾರ ಗಂಡನ ಆಟೋದ ಸಾಲಕ್ಕೆ ಸೊಸೈಟಿಯಲ್ಲಿ ಕೂತಿತ್ತು. ಬಿಕರ್ನಕಟ್ಟೆಯ ಬಾಡಿಗೆ ಮನೆ, ಶಾಲೆಗೆ ಹೋಗುವ ಮಗು. ತಿಂಗಳ ಕೊನೆಯ ವಾರ ಅವರ ಮನೆಯಲ್ಲಿ ಮೀನೂ ಲೆಕ್ಕ ಹಾಕಿಯೇ ಬರುತ್ತಿತ್ತು.

ಅವಳು ಅದೇ ಸಂಜೆ ಬೋಟು ನಿಲ್ಲುವ ದಕ್ಕೆಗೆ ಹೋಗಿ ಅನ್ಸಾರ್ ಸಾಹುಕಾರರನ್ನು ಕಂಡಳು. ಮೀನುಗಾರಿಕೆಗೆ ಮಳೆಗಾಲದ ರಜೆಯ ಎರಡು ತಿಂಗಳು; ಬೋಟುಗಳೆಲ್ಲ ಮೈಗೆ ಮೈ ತಾಗಿಸಿ ಕಟ್ಟಿಕೊಂಡಿದ್ದವು. ಸಾಹುಕಾರರು ಒಳ್ಳೆಯ ಮನುಷ್ಯ. ಕೂರಿಸಿ, ಚಹಾ ತರಿಸಿ, ಪೂರ್ತಿ ಕೇಳಿದರು.

"ಯಶ್ಮಿತಾ, ನಿನ್ನ ಅಪ್ಪ ನನ್ನ ಬಾಪಾನ ಕಾಲದಿಂದ ಇದ್ದ ಜನ. ನಾನು ಇಲ್ಲ ಅನ್ನುವುದುಂಟಾ? ಆದ್ರೆ ನನ್ನ ಪುಸ್ತಕದಲ್ಲಿ ತುಕ್ರಣ್ಣನ ಹೆಸರು ಮಾತ್ರ ಇರುವುದು. ನಾನು ಸುಮ್ಮನೆ ಒಂಬತ್ತು ಹೆಸರು ಬರೆದ್ರೆ ನಾಳೆ ಅವರೇ ಬಂದು, ನಮಗೆ ಗೊತ್ತಿಲ್ಲ ಅಂದ್ರೆ? ನೀನು ಒಂಬತ್ತು ಜನರ ಪಾನ್ ನಂಬರ್, ಒಂಬತ್ತು ಜನರ ಸಹಿ ತಾ. ಮರುದಿನ ಲೆಟರ್ ಕೊಡ್ತೇನೆ. ಅಲ್ಲಾಹನಾಣೆ."

ಅವಳು ಏಳುವಾಗ ಒಂದು ಕವರು ಕೈಗಿಟ್ಟರು. ಒಳಗೆ ಇಪ್ಪತ್ತೈದು ಸಾವಿರ ಇತ್ತು. "ಇದು ಪುಸ್ತಕಕ್ಕೆ ಬರೆಯುವ ದುಡ್ಡಲ್ಲ," ಎಂದರು.

* * *

ಭಾನುವಾರ ಬೆಂಗ್ರೆಯ ಬಲೆಯ ಶೆಡ್ಡಿನಲ್ಲಿ ಒಂಬತ್ತು ಜನವೂ ಇದ್ದರು. ರಜೆಯಲ್ಲಿ ಗಂಡಸರಿಗೆ ಅದೇ ಮನೆ. ನಡುವೆ ಬಲೆ ರಾಶಿ ಬಿದ್ದಿತ್ತು. ಎಲ್ಲರ ಕೈಯಲ್ಲೂ ಸೂಜಿ, ದಾರ. ತುಕ್ರ ಸೊಂಟದ ಕೆಳಗೆ ಗೋಣಿ ಮಡಿಚಿಟ್ಟುಕೊಂಡು ಮೂಲೆಯಲ್ಲಿ ಕೂತಿದ್ದ. ತಾನು ಒಂದು ಮಾತೂ ಆಡುವುದಿಲ್ಲ ಎಂದು ಮೊದಲೇ ಹೇಳಿದ್ದ: "ಕೇಳುವುದಾದ್ರೆ ನೀನು ಕೇಳು. ನಾನು ಕೇಳುವವನಲ್ಲ."

ಯಶ್ಮಿತಾ ಕೇಳಿದಳು. ಕಾರ್ಡಿನ ಕಥೆ, ಆಪರೇಷನ್ನಿನ ದಿನ, ಡಾಕ್ಟರು ಹೇಳಿದ್ದು, ಎಲ್ಲ ಬಿಡಿಸಿ ಹೇಳಿದಳು. ಕೊನೆಗೆ, "ನಿಮ್ಮ ಪಾಲು ನೀವು ತಗೊಂಡದ್ದು ಅಂತ ಒಂದು ಸಹಿ. ಅಷ್ಟೇ," ಎಂದಳು.

ಸೂಜಿಗಳು ಒಂದೊಂದಾಗಿ ನಿಂತವು.

"ಸಹಿ ಹಾಕಿದ ಮೇಲೆ ನಮ್ಮ ಕಾರ್ಡ್ ಎಂತ ಆಗ್ತದೆ?" ಜಯ ಕೇಳಿದ. ಅವತ್ತು ಅವನು ತಮಾಷೆ ಮಾಡಲಿಲ್ಲ.

ಸುಳ್ಳು ಹೇಳಬಹುದಿತ್ತು. ಅವಳ ನಾಲಿಗೆಯ ತುದಿಗೆ ಬಂದೂ ಇತ್ತು. "ಒಬ್ಬೊಬ್ಬರದು ಎರಡು ಲಕ್ಷದ ಮೂವತ್ತು ಸಾವಿರ ಅಂತ ಕಾಣ್ತದೆ. ಕಾರ್ಡ್ ಹೋಗಬಹುದು," ಎಂದಳು.

"ಅಕ್ಕಿ ಹೋಗ್ತದೆ. ಹೆಂಗಸರಿಗೆ ಬರುವ ಎರಡು ಸಾವಿರ ಹೋಗ್ತದೆ. ಮಕ್ಕಳ ಸ್ಕಾಲರ್‌ಶಿಪ್ ಹೋಗ್ತದೆ," ಜಯ ಬೆರಳು ಮಡಿಚುತ್ತ ಹೋದ. "ಲಕ್ಷ್ಮಕ್ಕನಿಗೆ ಆದ ಹಾಗೆ ನಾಳೆ ನನ್ನ ಹೆಂಡತಿಗೆ ಆದ್ರೆ ನಾನು ಯಾರ ಸಹಿ ಕೇಳುವುದು ಹೇಳು?"

ಅವಳು ಯತಿನನನ್ನು ನೋಡಿದಳು. ಅವನು ಬಲೆಯ ಕಣ್ಣಿನೊಳಗೆ ಬೆರಳು ತೂರಿಸಿಕೊಂಡು ಕೂತಿದ್ದ. ಚಿಕ್ಕವನಿದ್ದಾಗ ಇದೇ ಯತಿನನಿಗೆ ಅವಳ ಅಮ್ಮ ಒಂದು ವರ್ಷ ಅನ್ನ ಹಾಕಿ ಸಾಕಿದ್ದಳು.

"ಭಾವ, ನೀವಾದ್ರೂ ಹೇಳಿ."

"ದುಡ್ಡು ಎಷ್ಟು ಬೇಕು ಕೇಳು ಯಶ್ಮಿತಾ. ರಜೆಯಲ್ಲಿ ಯಾರ ಹತ್ತಿರವೂ ಇಲ್ಲ, ಆದ್ರೂ ಸಾಲ ಮಾಡಿ ಕೊಡುವ. ಅತ್ತೆಗೋಸ್ಕರ ಕೊಡುವ. ಸಹಿ ಮಾತ್ರ ಕೇಳಬೇಡ."

ಆಗ ಅವಳಿಗೆ ಒಂದು ವಿಷಯ ಸ್ಪಷ್ಟವಾಯಿತು. "ನಿಮ್ಮ ಹೆಸರೇ ಇರಲಿ ಮಾವ" ಎಂದದ್ದು ಮರ್ಯಾದೆಗೆ ಮಾತ್ರ ಅಲ್ಲ. ಅಪ್ಪನ ಹೆಸರನ್ನು ಇವರೆಲ್ಲ ಟಾರ್ಪಾಲಿನ ಹಾಗೆ ತಲೆಯ ಮೇಲೆ ಎಳೆದುಕೊಂಡಿದ್ದರು. ಸುರಿದದ್ದೆಲ್ಲ ಅದರ ಮೇಲೆ ಬೀಳುತ್ತಿತ್ತು, ಕೆಳಗಿದ್ದವರು ಒದ್ದೆಯಾಗದೆ ಉಳಿದಿದ್ದರು. ಅವಳಿಗೆ ಸಿಟ್ಟು ಬಂತು, ಕಣ್ಣಲ್ಲಿ ನೀರೂ ಬಂತು.

ಒಂಬತ್ತು ಜನರಲ್ಲಿ ಒಬ್ಬನಾದ ರಿಯಾಝ್ ಸೂಜಿ ಕೆಳಗಿಟ್ಟ. ಅವನು ಎದ್ದು ಹೊರಗೆ ಹೋಗಿ ನಿಂತ. ಅವಳು ಹೊರಟಾಗ ಜೊತೆಗೆ ಫೆರ್ರಿಯವರೆಗೆ ನಡೆದು ಬಂದ.

"ಅಕ್ಕ, ನನ್ನ ಉಮ್ಮನಿಗೆ ಡಯಾಲಿಸಿಸ್ ಅಂತ ನಿಮಗೆ ಗೊತ್ತುಂಟಲ್ಲ. ವಾರಕ್ಕೆ ಎರಡು ಸಲ. ಅದು ಆ ಕಾರ್ಡಿನಲ್ಲೇ," ಎಂದ. ಫೆರ್ರಿ ಬರುವ ಮೊದಲೇ ವಾಪಸ್ ಹೋದ.

ರಿಯಾಝನ ತಾಯಿ ಅಲೀಮಮ್ಮ ಅವಳಿಗೆ ಗೊತ್ತಿಲ್ಲದ ಹೆಂಗಸೇನಲ್ಲ. ಮೂರು ಮನೆ ಆಚೆಯವಳು. ಲಕ್ಷ್ಮಿ ಗಟ್ಟಿಯಾಗಿದ್ದ ಕಾಲದಲ್ಲಿ ಇಬ್ಬರೂ ಒಂದೇ ಫೆರ್ರಿಯಲ್ಲಿ ಪೇಟೆಗೆ ಹೋಗುತ್ತಿದ್ದರು, ಒಬ್ಬಳು ಮೀನು ಮಾರಲು, ಒಬ್ಬಳು ಸಾಹುಕಾರರ ಮನೆಯ ಅಡುಗೆಗೆ. ಈಗ ಇಬ್ಬರೂ ಸಂಜೆ ಜಗಲಿಯಲ್ಲಿ ಕೂತು ತಮ್ಮ ತಮ್ಮ ಮಾತ್ರೆಗಳನ್ನು ಹೋಲಿಸುತ್ತಿದ್ದರು. ಅಲೀಮಮ್ಮನ ಎಡಗೈಯಲ್ಲಿ ಸೂಜಿ ಚುಚ್ಚಿ ಚುಚ್ಚಿ ರಕ್ತನಾಳ ಗಂಟುಗಂಟಾಗಿ ಎದ್ದಿತ್ತು. "ಮುಟ್ಟಿ ನೋಡು ಮಗಾ, ಒಳಗೆ ಮೋಟಾರ್ ಓಡಿದ ಹಾಗೆ ಆಗ್ತದೆ," ಎಂದು ಒಮ್ಮೆ ಯಶ್ಮಿತಾಳ ಕೈ ಹಿಡಿದು ಮುಟ್ಟಿಸಿದ್ದಳು.

ಫೆರ್ರಿಯಲ್ಲಿ ಕೂತಾಗ ಯಶ್ಮಿತಾಳಿಗೆ ನೀಲಿ ನೋಟ್‌ಬುಕ್ ನೆನಪಾಯಿತು. ಹೊಸ ಸಹಿ ಯಾಕೆ ಬೇಕು? ಹೋದ ವರ್ಷ ರಿಫಂಡ್ ಹಂಚಿದಾಗ ಒಂಬತ್ತು ಜನವೂ ಸಹಿ ಹಾಕಿದ್ದಾರಲ್ಲ. ಹೆಸರು, ಪಾಲು, ತಾರೀಕು, ಎಲ್ಲ ಅವಳದೇ ಅಕ್ಷರದಲ್ಲಿ ಇತ್ತು. ಯಾರನ್ನೂ ಕೇಳುವ ಅಗತ್ಯವೇ ಇರಲಿಲ್ಲ.

ಇದು ದ್ರೋಹ ಎಂದು ಅವಳಿಗೆ ಗೊತ್ತಿತ್ತು. ಅಲೀಮಮ್ಮನ ಕೈಯೂ ಕಣ್ಣ ಮುಂದೆ ಬಂತು. ಆದರೆ ಅದಕ್ಕಿಂತ ಮುಂದೆ ಅಮ್ಮನ ಮುಖ ಬಂತು. ನಾನು ಮಾಡಿದ ತಪ್ಪಿಗೆ ಅಮ್ಮ ಯಾಕೆ ಸಾಯಬೇಕು ಎಂದು ಅವಳು ತನ್ನನ್ನೇ ಕೇಳಿಕೊಂಡಳು, ಮತ್ತೆ ಯಾರನ್ನೂ ಕೇಳಲಿಲ್ಲ.

* * *

ಅವಳು ಹಾಕಿದ ಅಪೀಲಿನ ವಿಚಾರಣೆಗೆ ಕರೆದದ್ದು ಜುಲೈ ಮೂರಕ್ಕೆ. ಆಪರೇಷನ್ನಿಗೆ ಐದು ದಿನ ಇತ್ತು. ಕಾರ್ಡಿನ ಕೆಲಸ ನೋಡುವ ಅಧಿಕಾರಿ ಘಟ್ಟದ ಮೇಲಿನವರು. ಸಿಡುಕಿನವರಲ್ಲ. ತುಕ್ರ ಕೋಲು ಊರಿಕೊಂಡು ಬರುವುದನ್ನು ನೋಡಿ ಕುರ್ಚಿ ಎಳೆದು ಕೊಟ್ಟರು. ಕಂಪ್ಯೂಟರನ್ನು ಅವನ ಕಡೆ ತಿರುಗಿಸಿ ತೋರಿಸಿದರು, ಓದಲು ಬರುವವನ ಹಾಗೆ.

"ನೋಡಿ ಯಜಮಾನ್ರೇ. ಇಪ್ಪತ್ತೊಂದು ಲಕ್ಷದ ಎಂಬತ್ತೈದು ಸಾವಿರ. ನಿಮ್ಮ ಹೆಸರಲ್ಲಿ ಬಂದಿದೆ, ನಿಮ್ಮ ಹೆಸರಲ್ಲೇ ಟಿಡಿಎಸ್ ಕಟ್ ಆಗಿದೆ. ನಿಮ್ಮನ್ನ ನೋಡಿದ್ರೆ ಇಪ್ಪತ್ತು ಲಕ್ಷದ ಆಸಾಮಿ ಅನ್ಸಲ್ಲ. ಈ ದುಡ್ಡು ನಿಮ್ಮದಾ, ಬೇರೆಯವರದಾ?"

"ನಮ್ಮದಲ್ಲ ಸರ್," ಎಂದಳು ಯಶ್ಮಿತಾ. "ಬೋಟಿನ ಒಂಬತ್ತು ಜನರದ್ದು. ಇವರಿಗೆ ಅರ್ಧ ಪಾಲು ಮಾತ್ರ."

"ಸರಿ. ಹಾಗಿದ್ರೆ ಹೆಸರು ಕೊಡಿ, ದಾಖಲೆ ಕೊಡಿ. ಇವತ್ತೇ ಬರೆದು ಕಳಿಸ್ತೀನಿ. ಆಪರೇಷನ್ ಇದೆ ಅಂದ್ರಲ್ಲ, ನಾಲ್ಕು ದಿನದಲ್ಲಿ ಕಾರ್ಡ್ ವಾಪಸ್ ಆಗೋ ಹಾಗೆ ನೋಡ್ತೀನಿ."

ನಾಲ್ಕು ದಿನ! ಯಶ್ಮಿತಾಳ ಕೈ ಬ್ಯಾಗಿನೊಳಗೆ ಹೋಯಿತು.

"ಸ್ವಾಮೀ," ತುಕ್ರ ಮೊದಲ ಸಲ ಬಾಯಿ ತೆರೆದ. "ಹೆಸರು ಕೊಟ್ಟವರ ಕಾರ್ಡ್ ಎಂತ ಆಗ್ತದೆ?"

"ಅವರದ್ದು ಪರಿಶೀಲನೆ ಆಗುತ್ತೆ. ಆಗ್ಲೇಬೇಕಲ್ವಾ? ನಾನು ನಿಮಗೆ ಸುಳ್ಳು ಹೇಳಲ್ಲ."

ಅಷ್ಟರಲ್ಲಿ ನೋಟ್‌ಬುಕ್ ಮೇಜಿನ ಮೇಲೆ ಬಂದಿತ್ತು. ಯಶ್ಮಿತಾ ಆ ಪುಟವನ್ನೇ ಬಿಡಿಸಿ ಇಟ್ಟಿದ್ದಳು. ಎಲ್ಲಕ್ಕಿಂತ ಕೆಳಗೆ ಜಯನ ಬಾಲದ ಸಹಿ, ಅದರ ಮೇಲೆ ರಿಯಾಝನದು. ಅಧಿಕಾರಿ ಕನ್ನಡಕ ಸರಿಮಾಡಿಕೊಂಡು ಮುಂದಕ್ಕೆ ಬಾಗಿದರು.

ತುಕ್ರನ ಅಂಗೈ ಪುಟದ ಮೇಲೆ ಬಿತ್ತು. ಹಗ್ಗ ಎಳೆದು ಎಳೆದು ಹಲಗೆಯಂತಾದ ಕೈ. ಅವನು ನೋಟ್‌ಬುಕ್ಕನ್ನು ಮುಚ್ಚಿ ತನ್ನ ತೊಡೆಯ ಮೇಲೆ ಇಟ್ಟುಕೊಂಡ.

"ಇದು ಬಲೆಯ ದಾರದ ಲೆಕ್ಕ," ಎಂದ. "ದುಡ್ಡು ಎಲ್ಲ ನನ್ನದೇ."

"ಅಪ್ಪ! ಎಂತ ಹೇಳ್ತಾ ಇದ್ದೀರಿ?"

"ನನ್ನದೇ ಸ್ವಾಮೀ. ಇವಳಿಗೆ ಗೊತ್ತಿಲ್ಲ, ಮದುವೆಯಾಗಿ ಬೇರೆ ಮನೆಯಲ್ಲಿ ಇರುವವಳು."

ಅಧಿಕಾರಿ ಇಬ್ಬರ ಮುಖವನ್ನೂ ನೋಡಿದರು. ಅವರಿಗೆ ಅರ್ಥವಾಗದೆ ಇರಲಿಲ್ಲ. ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. "ಯೋಚನೆ ಮಾಡಿ ಹೇಳಿ ಯಜಮಾನ್ರೇ. ಇದನ್ನ ನಾನು ಬರ್ಕೊಂಡ ಮೇಲೆ ಮತ್ತೆ ತಿದ್ದಕ್ಕಾಗಲ್ಲ."

"ಬರೆಯಿರಿ."

ಅವರು ಬರೆದರು. ತುಕ್ರ ಎರಡು ಅಕ್ಷರದ ಸಹಿಗೆ ಮೂರು ನಿಮಿಷ ತೆಗೆದುಕೊಂಡ. ಆ ಮೂರು ನಿಮಿಷ ಯಶ್ಮಿತಾ ಅಪ್ಪನನ್ನು ದ್ವೇಷಿಸಿದಳು. ಹುಟ್ಟಿದ ಮೇಲೆ ಮೊದಲ ಸಲ, ಮನಸ್ಸು ತುಂಬ.

ವಾಪಸ್ ಬರುವಾಗ ಫೆರ್ರಿಯಲ್ಲಿ ಅವಳು ಅವನ ಪಕ್ಕ ಕೂರಲಿಲ್ಲ. ನಡುನೀರಿಗೆ ಬಂದ ಮೇಲೆ ತಡೆಯಲಾಗದೆ ಎದ್ದು ಬಂದು ಕೇಳಿದಳು: "ಅಮ್ಮನಿಗಿಂತ ಅವರು ಹೆಚ್ಚಾದ್ರಾ ನಿಮಗೆ?"

ತುಕ್ರ ನೀರು ನೋಡುತ್ತ ಹೇಳಿದ. "ಅಮ್ಮನಿಗೆ ಒಂದು ಸಲದ ಆಪರೇಷನ್. ಎರಡು ಲಕ್ಷ. ಹೇಗಾದ್ರೂ ಹೊಂದಿಸಬಹುದು, ಒಂದು ತಿಂಗಳು ಹೆಚ್ಚು ಕಡಿಮೆ. ಅಲೀಮಮ್ಮನಿಗೆ ವಾರಕ್ಕೆ ಎರಡು ಸಲ, ಇರುವಷ್ಟು ದಿನ. ಅದನ್ನು ಯಾರು ಹೊಂದಿಸುವುದು?" ಕೋಲನ್ನು ಪಕ್ಕಕ್ಕೆ ಸರಿಸಿ, "ಪಾಲು ಹಂಚಿದ ಕೈಯಿಂದ ಅವರ ಅನ್ನ ಕಿತ್ತುಕೊಳ್ಳಲಿಕ್ಕೆ ನನ್ನಿಂದ ಆಗುವುದಿಲ್ಲ ಮಗಾ," ಎಂದ.

ಅವನ ಮಾತಿನಲ್ಲಿ ತಪ್ಪು ಹುಡುಕಲು ಅವಳು ದಡ ಸೇರುವವರೆಗೆ ಪ್ರಯತ್ನಿಸಿದಳು. ಸಿಗಲಿಲ್ಲ. ಸಿಕ್ಕಿದ್ದರೆ ಸಿಟ್ಟಾದರೂ ಅವಳ ಜೊತೆ ಉಳಿಯುತ್ತಿತ್ತು.

* * *

ಆಪರೇಷನ್ ಜುಲೈ ಮೂವತ್ತಕ್ಕೆ ಮುಂದೆ ಹೋಯಿತು. ಡಾಕ್ಟರಿಗೆ ಅದು ಇಷ್ಟವಿರಲಿಲ್ಲ, ಆದರೆ ಬಿಲ್ಲು ಡಾಕ್ಟರ ಕೈಯಲ್ಲಿರಲಿಲ್ಲ. ದುಡ್ಡು ಸೇರತೊಡಗಿತು. ಸಾಹುಕಾರರ ಇಪ್ಪತ್ತೈದು. ಯಶ್ಮಿತಾಳ ಬಳೆ. ವೆರೋನಿಕಾ ಮೇಡಂ ಕೊಟ್ಟ ಎರಡು ತಿಂಗಳ ಸಂಬಳ. ಒಂಬತ್ತು ಜನ ಎಲ್ಲೆಲ್ಲಿಂದಲೋ ಸಾಲ ಎತ್ತಿ ತಂದ ನಲವತ್ತು ಸಾವಿರ. ಜಯ ತನ್ನ ಪಾಲು ಕೊಡಲು ಬಂದಾಗ ಒಳಗೆ ಬರಲಿಲ್ಲ, ಬಾಗಿಲ ಹೊರಗಿಂದಲೇ ಕೈ ಚಾಚಿದ. ಅಲೀಮಮ್ಮ ಕಿವಿಯ ಎರಡು ಚಿನ್ನದ ಓಲೆ ಬಿಚ್ಚಿ ತಂದಳು. ಅವಳಿಗೆ ರಿಯಾಝ್ ಏನೂ ಹೇಳಿರಲಿಲ್ಲ. ಲಕ್ಷ್ಮಿ ಅದನ್ನು ತೆಗೆದುಕೊಳ್ಳದೆ ಅವಳ ಕೈಯಲ್ಲೇ ಮಡಿಚಿಟ್ಟಳು. ಲಕ್ಷ್ಮಿಗೆ ಯಾರು ಏನು ಹೇಳಿದ್ದರೋ, ಎಷ್ಟು ಗೊತ್ತಿತ್ತೋ, ಯಶ್ಮಿತಾಳಿಗೆ ಕೊನೆಯವರೆಗೂ ತಿಳಿಯಲಿಲ್ಲ. ಒಂದು ದಿನ ಮಾತ್ರ ದಿಂಬಿಗೆ ಒರಗಿ ಕೂತವಳು, "ನೀನು ಅಪ್ಪನ ಹತ್ತಿರ ಸರಿಯಾಗಿ ಮಾತಾಡ್ತಾ ಇಲ್ಲ. ನನಗೆ ಕಾಣ್ತದೆ," ಎಂದಳು.

ಆ ನಡುವೆಯೇ ಒಂದು ಸಂಜೆ ತುಕ್ರ ಮಗಳಿಗೆ ಫೋನ್ ಮಾಡಿದ. ಈ ವರ್ಷದ ರಿಟರ್ನ್ ಹಾಕಲು ಕಡೆಯ ದಿನ ಹತ್ತಿರ ಬಂದಿದೆ ಎಂದು ಯಾರೋ ಹೇಳಿದ್ದರಂತೆ.

"ಅವರ ಒಂದು ಪರ್ಸೆಂಟ್ ಉಂಟಲ್ಲ. ಹಾಕು."

"ಮತ್ತೆ ಹಾಕಿದ್ರೆ ಕಾರ್ಡ್ ಇನ್ನು ಯಾವತ್ತೂ ಸಿಗುವುದಿಲ್ಲ ಅಪ್ಪ."

"ಅದು ಹೇಗೂ ಹೋಗಿದೆ. ಅವರದ್ದು ಯಾಕೆ ಹೋಗಬೇಕು?"

ಹಾಕಿದಳು. ಆಫೀಸಿನಲ್ಲಿ ಎಲ್ಲರೂ ಊಟಕ್ಕೆ ಎದ್ದಾಗ, ಹತ್ತು ನಿಮಿಷದಲ್ಲಿ, ಕೈಗೆ ಬಾಯಿಪಾಠವಾದ ಕೆಲಸವನ್ನು ಮಾಡಿ ಮುಗಿಸಿದಳು.

ಜುಲೈ ಇಪ್ಪತ್ತೇಳರ ಬೆಳಿಗ್ಗೆ ಲಕ್ಷ್ಮಿ ಹಾಸಿಗೆಯಿಂದ ಎದ್ದು ಕೂರಲು ಹೋದಳು, ಆಗಲಿಲ್ಲ. ಯತಿನ್ ಅವಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಫೆರ್ರಿಗೆ ಓಡಿದ. ಫೆರ್ರಿ ಆಚೆ ದಡದಲ್ಲಿತ್ತು. ಒಂದು ದೋಣಿ ಬಿಚ್ಚಿ ಹೊರಟರು. ದಾಟುವಷ್ಟರಲ್ಲಿ ಅವಳು ಯತಿನನ ತೋಳಿನ ಮೇಲೆಯೇ ತೀರಿಹೋದಳು. ಆ ಹೊತ್ತಿಗೆ ಎರಡು ಲಕ್ಷಕ್ಕೆ ಕಡಿಮೆ ಬಿದ್ದಿದ್ದದ್ದು ಮೂವತ್ತು ಸಾವಿರ. ಇನ್ನು ಐದು ದಿನದಲ್ಲಿ ರಜೆ ಮುಗಿದು ಬೋಟುಗಳು ಇಳಿಯುವುದಿತ್ತು.

* * *

ಹದಿಮೂರನೇ ದಿನ ಬೊಜ್ಜ, ಉತ್ತರಕ್ರಿಯೆಯ ಊಟ. ಬೋಟು ಸಮುದ್ರಕ್ಕೆ ಹೋಗದೆ ದಕ್ಕೆಯಲ್ಲಿ ನಿಂತಿತು. ಅದು ಸಾಹುಕಾರರ ಅಪ್ಪಣೆ. ಊಟದ ಎಲೆ ತೆಗೆದು, ಬಂದವರು ಅರ್ಧದಷ್ಟು ಹೊರಟ ಮೇಲೆ ತುಕ್ರ ಒಂಬತ್ತು ಜನರನ್ನು ಜಗಲಿಗೆ ಕರೆದ.

ಎರಡು ದಿನದ ಹಿಂದೆ ರಿಫಂಡಿನ ಮೆಸೇಜು ಬಂದಿತ್ತು. ಇಪ್ಪತ್ತು ಸಾವಿರದ ಒಂಬೈನೂರು. ಅದನ್ನು ನೋಡಿದಾಗ ಯಶ್ಮಿತಾಳಿಗೆ ಫೋನನ್ನು ನೆಲಕ್ಕೆ ಎಸೆಯಬೇಕು ಎನಿಸಿತ್ತು. ಅಪ್ಪನಿಗೆ ಹೇಳದೆ ಇರಬಹುದಿತ್ತು. ಹೇಳಿದಳು. ಬ್ಯಾಂಕಿನಿಂದ ಬಿಡಿಸಿ ತಾ ಎಂದ. ಬೊಜ್ಜದ ಖರ್ಚಿಗೇ ಸಾಲ ಆಗಿದೆ ಅಪ್ಪ, ಇದನ್ನು ಇಟ್ಟುಕೊಳ್ಳುವ ಎಂದಳು.

"ಇದರಲ್ಲಿ ನಮ್ಮದು ಅರ್ಧ ಪಾಲು," ಎಂದನೇ ಹೊರತು ಬೇರೇನೂ ಹೇಳಲಿಲ್ಲ.

ಈಗ ಅವನು ಚಾಪೆಯ ಮೇಲೆ ಕೂತು ಒಬ್ಬೊಬ್ಬರ ಹೆಸರು ಕರೆದ. ಎರಡು ಸಾವಿರದ ಇನ್ನೂರು, ಎರಡು ಸಾವಿರದ ಇನ್ನೂರು. ಯಶ್ಮಿತಾ ನೀಲಿ ನೋಟ್‌ಬುಕ್ ಹಿಡಿದು ಪಕ್ಕದಲ್ಲಿ ಕೂತಿದ್ದಳು. ತಂಡೇಲನ ಕೈಯಿಂದ ಪಾಲು ತೆಗೆದುಕೊಂಡವರು ಕಣ್ಣಿಗೆ ಒತ್ತಿಕೊಳ್ಳಬೇಕು. ಒತ್ತಿಕೊಂಡರು. ಜಯ ನೋಟು ಎಣಿಸಲಿಲ್ಲ. ಬಾಲವಿಲ್ಲದ ಸಹಿ ಹಾಕಿ ತಲೆ ತಗ್ಗಿಸಿ ಇಳಿದು ಹೋದ. ರಿಯಾಝನ ಕಣ್ಣೀರು ಅವನ ಹೆಸರಿನ ಮೇಲೆ ಬಿದ್ದು ಶಾಯಿ ಹರಡಿತು. ಅಂಗಳದ ತುದಿಯಲ್ಲಿ ಅಲೀಮಮ್ಮ ಕುರ್ಚಿಯಲ್ಲಿ ಕೂತು ಇದೆಲ್ಲ ಏನೆಂದು ತಿಳಿಯದೆ ನೋಡುತ್ತಿದ್ದಳು.

ಯತಿನ್ ಕೊನೆಯವನು. "ನನಗೆ ಬೇಡ ಮಾವ," ಎಂದ. ಕೈ ಹಿಂದೆ ಕಟ್ಟಿಕೊಂಡಿದ್ದ.

"ಪಾಲು ಬೇಡ ಅನ್ನಬಾರದು. ತಗೋ."

"ಮಾವ, ಅವತ್ತು ನಾನು ಸಹಿ..."

"ತಗೋ ಅಂದೆ."

ಯತಿನ್ ತೆಗೆದುಕೊಂಡ. ಕಣ್ಣಿಗೆ ಒತ್ತಿಕೊಂಡ ಕೈಯನ್ನು ಬಹಳ ಹೊತ್ತು ಕೆಳಗಿಳಿಸಲಿಲ್ಲ. ಆಮೇಲೆ ನೋಟ್‌ಬುಕ್ಕಿಗೆ ಬಾಗಿ ಸಹಿ ಹಾಕಿದ.

ಜೂನಿನಲ್ಲಿ ಬಲೆಯ ಶೆಡ್ಡಿನಲ್ಲಿ ಯಶ್ಮಿತಾ ಕೇಳಿದ್ದ ಒಂಬತ್ತು ಸಹಿಗಳೂ ಈಗ ಅವಳ ಮಡಿಲಲ್ಲಿದ್ದವು. ಯಾರೂ ತಕರಾರು ಮಾಡಲಿಲ್ಲ. ಅವಳು ಒಂದೊಂದನ್ನೇ ಬೆರಳಿಟ್ಟು ನೋಡಿದಳು. ಯಾರ ಮೇಲೆ ಸಿಟ್ಟು ಮಾಡುವುದು ಎಂದು ಅವಳಿಗೆ ಗೊತ್ತಾಗಲಿಲ್ಲ. ಸುತ್ತಿ ಸುತ್ತಿ ಕೊನೆಗೆ ಆ ಸಿಟ್ಟು ತನ್ನ ಕೈಗೇ ಬಂದು ನಿಂತಿತು. ಹೋದ ವರ್ಷ ರಿಟರ್ನ್ ಹಾಕಿ ಮೇಡಂಗೆ ಹಲ್ವ ಕೊಟ್ಟ ಕೈಗೆ.

ಚಾಪೆಯ ಮೇಲೆ ಸಾವಿರದ ನೂರು ರೂಪಾಯಿ ಉಳಿದಿತ್ತು. ಅವಳು ಹತ್ತನೇ ಸಾಲಿನಲ್ಲಿ 'ತುಕ್ರ, ಅರ್ಧ ಪಾಲು' ಎಂದು ಬರೆದು ಪೆನ್ನನ್ನು ಅಪ್ಪನಿಗೆ ಕೊಟ್ಟಳು. ಒಂಬತ್ತು ಜನರಿಗೆ ಹಂಚಿದ ಕೈಯಲ್ಲಿ ಪೆನ್ನು ಹಿಡಿದು ಅವನು ಆ ಸಾಲಿಗೆ ಬಾಗಿದ. ಮೊದಲ ಅಕ್ಷರ ಗೆರೆಯಿಂದ ಹೊರಗೆ ಹೋಯಿತು, ಎರಡನೆಯದು ಮೂಡಲೇ ಇಲ್ಲ. ಅವನು ಪೆನ್ನು ಕೆಳಗಿಟ್ಟು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡ.

ಯಶ್ಮಿತಾ ಅಪ್ಪನ ಪಕ್ಕಕ್ಕೆ ಸರಿದು ಕೂತು, ಉಳಿದ ಸಹಿಯನ್ನು ತಾನೇ ಹಾಕಿದಳು.